ಗಾಜಿನ ಪೆಟ್ಟಿಗೆಗೆ ಒಗ್ಗದ ಕೂರಿಗೆ: ಬೀದರ್ ಸೀಮೆಯ ರೈತಾಪಿ ಪರಂಪರೆಯ ಬಗ್ಗೆ ತಪ್ಪು ಕಲ್ಪನೆ ಮತ್ತು ವಾಸ್ತವ

ಶಾಲಾ ಪ್ರವಾಸದ ಬಸ್ಸು ಬೀದರ್‌ಗೆ ಬಂದರೆ ಅದು ಹೋಗುವ ದಾರಿ ಮೊದಲೇ ಗೊತ್ತು. ಕೋಟೆ, ಮಹಮೂದ್ ಗಾವಾನನ ಮದರಸಾ, ಅಷ್ಟೂರಿನ ಗುಂಬಜ್‌ಗಳು, ನಾನಕ್ ಝೀರಾ, ಝರಣಿ ನರಸಿಂಹ. ಹೊತ್ತು ಮಿಕ್ಕರೆ ಬಿದ್ರಿ ಅಂಗಡಿ. ಅಲ್ಲಿಂದ ಭಾಲ್ಕಿಗೋ ಔರಾದ್‌ಗೋ ಹೊರಳುವ ರಸ್ತೆಯ ಎರಡೂ ಬದಿಗೆ ತೊಗರಿ, ಉದ್ದು, ಸೋಯಾ, ಕಬ್ಬು ನಿಂತಿರುತ್ತವೆ, ಬದುವಿನಲ್ಲಿ ದೇವಣಿ ಹಸು ಮೇಯುತ್ತಿರುತ್ತದೆ. ಮೇಷ್ಟರು ಕೊಟ್ಟ ಪಟ್ಟಿಯಲ್ಲಿ ಅದಕ್ಕೆ ಹೆಸರಿಲ್ಲ.

ಹಳ್ಳಿಯ ಹಳೆಯ ಸಾಮಾನಿಗೆ ಈಗ ಬೇಡಿಕೆಯೇನೋ ಬಂದಿದೆ. ಢಾಬಾದ ಮುಂದೆ ಗಾಡಿಯ ಗಾಲಿ, ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಬೀಸುಕಲ್ಲು, ಕಾಲೇಜಿನ ಜಾನಪದ ಉತ್ಸವದಲ್ಲಿ ಒಂದು ದಿನಕ್ಕೆಂದು ಕಟ್ಟಿದ ಗುಡಿಸಲು. ಗ್ರಾಮೀಣ ಪರಂಪರೆ ಎಂಬ ಹೆಸರಿನಲ್ಲಿ ಇವು ಕಣ್ಣಿಗೆ ಬಿದ್ದಂತೆಲ್ಲ ಅದರ ಬಗ್ಗೆ ಕೆಲವು ನಂಬಿಕೆಗಳೂ ಗಟ್ಟಿಯಾಗುತ್ತಿವೆ. ಅವುಗಳಲ್ಲಿ ಹೆಚ್ಚಿನವು ಈ ಮಣ್ಣಿನಲ್ಲಿ ನಿಲ್ಲುವಂಥವಲ್ಲ.

ತಪ್ಪು ಕಲ್ಪನೆ: ಬೀದರ್‌ನ ಪರಂಪರೆ ಎಂದರೆ ಕೋಟೆ, ಕತ್ತಿ, ತೋಪು. ಒಕ್ಕಲುತನಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೋಟೆಯೊಳಗಿನ ವಸ್ತುಸಂಗ್ರಹಾಲಯ ಇರುವುದು ಹಳೆಯ ಶಾಹಿ ಹಮಾಮಿನ ಕಟ್ಟಡದಲ್ಲಿ. ಆಯುಧಗಳನ್ನೂ ಶಿಲ್ಪಗಳನ್ನೂ ಅಲ್ಲಿ ಜೋಪಾನ ಮಾಡಿಟ್ಟಿದ್ದಾರೆ. ಅದರ ಕೆಲಸವೇ ಅದು, ಅಲ್ಲಿ ಕುಂಟೆ ಯಾಕಿಲ್ಲ ಎಂದು ಜಗಳ ತೆಗೆಯುವಂತಿಲ್ಲ. ಆದರೆ ಆ ತೋಪಿಗೆ ಮದ್ದು ತುಂಬಲು ಹಣ ಬಂದದ್ದು ಎಲ್ಲಿಂದ ಎಂದು ಕೇಳಬಹುದು. 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನನನ್ನು ನಾವು ವಿದ್ವಾಂಸನೆಂದು ನೆನೆಯುತ್ತೇವೆ. ಅದೇ ಗಾವಾನ್ ಹೊಲಗಳನ್ನು ಅಳೆಸಿದ, ಊರಿನ ಎಲ್ಲೆಗಳನ್ನು ಗೊತ್ತುಮಾಡಿಸಿದ, ಕಂದಾಯವನ್ನು ಹೊಸದಾಗಿ ಲೆಕ್ಕ ಹಾಕಿಸಿದ, ನಾಲ್ಕು ಪ್ರಾಂತ್ಯಗಳನ್ನು ಎಂಟು ಮಾಡಿದ. ಪ್ರಾಂತ್ಯಗಳ ಸರದಾರರು ಅವನ ಮೇಲೆ ಹಲ್ಲು ಮಸೆದದ್ದಕ್ಕೆ ಇದೂ ಒಂದು ಕಾರಣ. ಮದರಸಾದ ನೀಲಿ ಹಂಚು ತೋರಿಸುವ ಗೈಡ್ ಅವನು ಅಳೆಸಿದ ಹೊಲದ ಮಾತನ್ನೂ ಒಂದು ಸಾಲಿನಲ್ಲಿ ಸೇರಿಸಿದರೆ ಕೋಟೆಗೂ ಒಕ್ಕಲಿಗೂ ಇರುವ ನಂಟು ಮಕ್ಕಳಿಗೆ ತಿಳಿದೀತು.

ತಪ್ಪು ಕಲ್ಪನೆ: ನೌಬಾದಿನ ಸುರಂಗ ಬಾವಿ ರಾಜರು ತಪ್ಪಿಸಿಕೊಳ್ಳಲು ಮಾಡಿದ ಗುಪ್ತ ದಾರಿ.

ಸುರಂಗ ಎಂದೊಡನೆ ಕುದುರೆ, ಪಂಜು, ಓಡಿಹೋಗುವ ರಾಣಿ ಎಲ್ಲ ಕಣ್ಣಮುಂದೆ ಬರುತ್ತಾರೆ. ನೌಬಾದಿನ ನೆಲದಡಿಯಲ್ಲಿ ಓಡಿದ್ದು ನೀರು. ಕರೇಜ್ ಎಂದು ಕರೆಯುವ ಈ ವ್ಯವಸ್ಥೆ ಬಹಮನಿಗಳ ಕಾಲದ್ದು. ಇರಾನಿನ ನೆಲದಡಿಯ ನೀರಿನ ಸುರಂಗಗಳಾದ ಕನಾತ್‌ಗಳೊಂದಿಗೆ ಇದಕ್ಕೆ ಹತ್ತಿರದ ನಂಟು. ಬಹಮನಿಗಳು ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ ಮೇಲೆ ಇರಾನಿನಿಂದ ಬಂದ ಪಂಡಿತರ, ಕುಶಲಿಗರ ಜತೆಗೆ ಈ ವಿದ್ಯೆಯೂ ಬಂತು. ಇರಾನಿನ 11 ಕನಾತ್‌ಗಳಿಗೆ 2016ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಜಾಗ ಸಿಕ್ಕಿತು. ನಮ್ಮ ದೇಶದಲ್ಲಿ ಇಂಥವು ಬೆರಳೆಣಿಕೆ. ಬುರ್ಹಾನ್‌ಪುರದ ಕುಂಡಿ ಭಂಡಾರಾ ಒಂದು, ಬೀದರ್‌ನದು ಇನ್ನೊಂದು.

ಬೀದರ್‌ನಲ್ಲೇ ಇದು ಸಾಧ್ಯವಾದದ್ದು ನೆಲದ ಗುಣದಿಂದ. ಇಲ್ಲಿಯ ಎತ್ತರದ ನೆಲದ ಮೇಲ್ಪದರ ತೂತುತೂತಾದ ಜಂಬಿಟ್ಟಿಗೆ, ಕೆಳಗಿನದು ಬಿಗಿಯಾದ ಕರಿಕಲ್ಲು. ಮಳೆನೀರು ಕೆಂಪು ಕಲ್ಲಿನೊಳಗೆ ಇಳಿದು ಕರಿಕಲ್ಲು ಅಡ್ಡ ಬಂದಲ್ಲಿ ತಡೆದು ನಿಲ್ಲುತ್ತದೆ, ಪಕ್ಕಕ್ಕೆ ಹರಿಯುತ್ತದೆ. ನಾನಕ್ ಝೀರಾದ ಚಿಲುಮೆ, ಪಾಪನಾಶದ ನೀರು, ಝರಣಿಯ ಗುಹೆಯಲ್ಲಿ ಎದೆಮಟ್ಟ ನಿಲ್ಲುವ ನೀರು, ಎಲ್ಲಕ್ಕೂ ಇದೇ ತಾಯಿಬೇರು. ಆ ನೀರಿನ ಹಾದಿಗೆ ಸಣ್ಣ ಇಳಿಜಾರಿನ ಸುರಂಗ ಕೊರೆದರೆ ಎತ್ತುವ ಶ್ರಮವೇ ಇಲ್ಲದೆ ಅದು ತಾನಾಗಿ ಹೊರಗೆ ಬರುತ್ತದೆ. ನೌಬಾದಿನ ಹೊಲಗಳ ನಡುವೆ ಸಾಲಾಗಿ ಕಾಣುವ 20ಕ್ಕೂ ಹೆಚ್ಚು ಬಾಯಿಗಳು ಸುರಂಗಕ್ಕೆ ಗಾಳಿ ಕೊಡಲು, ಅಗೆದ ಮಣ್ಣು ಎತ್ತಲು, ಆಮೇಲೆ ಹೂಳು ತೆಗೆಯಲು ಮಾಡಿದವು. ಒಂದೊಂದೂ ಒಂದೊಂದು ಬಾವಿ ಎಂದುಕೊಂಡು ಕಸ ಸುರಿದವರೂ ಉಂಟು. ಬೀದರ್‌ನ ಅತಿ ದೊಡ್ಡ ಕೃಷಿ ಪ್ರದರ್ಶನ ವಸ್ತು ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಇದಕ್ಕೆ ಗೋಡೆಯೂ ಬೇಡ, ಬೀಗವೂ ಬೇಡ. ಮೇಲಿನ ಕೆಂಪು ನೆಲಕ್ಕೆ ಕಾಂಕ್ರೀಟು ಬಡಿಯದಿದ್ದರೆ ಸಾಕು.

ತಪ್ಪು ಕಲ್ಪನೆ: ದೇವಣಿ ಮಹಾರಾಷ್ಟ್ರದ ತಳಿ. ನಮ್ಮಲ್ಲಿ ಅದು ಜಾತ್ರೆಯ ಅಲಂಕಾರಕ್ಕೆ ಮಾತ್ರ.

ದೇವಣಿ ಎಂಬ ಊರು ಇಂದು ಲಾತೂರ್ ಜಿಲ್ಲೆಯಲ್ಲಿದೆ ಎಂಬುದು ನಿಜ. ಆದರೆ 1956ರ ನವೆಂಬರ್ 1ರ ಹಿಂದಿನ ದಿನ ಅದು ಎಲ್ಲಿತ್ತು? ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿ, ಉದಗೀರ್ ತಾಲ್ಲೂಕಿನಲ್ಲಿ. ರಾಜ್ಯಗಳ ಪುನರ್ವಿಂಗಡಣೆಯಾದಾಗ ಉದಗೀರ್, ಅಹಮದ್‌ಪುರ, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಕ್ಕೆ ಹೋದವು, ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್, ಬಸವಕಲ್ಯಾಣ ಮೈಸೂರು ರಾಜ್ಯಕ್ಕೆ ಬಂದವು. ನಕಾಶೆಯ ಮೇಲೆ ಗೆರೆ ಎಳೆದವರು ಎತ್ತಿಗೆ ಹೇಳಿ ಎಳೆಯಲಿಲ್ಲ. ಔರಾದ್‌ನ ರೈತ ಹೋರಿ ಹುಡುಕಿಕೊಂಡು ಉದಗೀರ್ ಕಡೆಗೆ ಹೋಗುವುದು, ಅತ್ತಲವರು ಇತ್ತ ಬರುವುದು ಇಂದಿಗೂ ನಿಂತಿಲ್ಲ. ತಳಿಗೆ ಯಾವ ರಾಜ್ಯದ ಚೀಟಿ ಅಂಟಿಸಬೇಕು ಎಂಬ ಚರ್ಚೆ ಕಚೇರಿಯದು, ಹಟ್ಟಿಯದಲ್ಲ.

ಗುಜರಾತಿನ ಗೀರ್, ಮಹಾರಾಷ್ಟ್ರದ ಡಾಂಗಿ ಮತ್ತು ಇಲ್ಲಿಯ ನಾಡದನಗಳ ರಕ್ತ ಬೆರೆತು, ತಲೆಮಾರುಗಳ ಆಯ್ಕೆಯಿಂದ ದೇವಣಿ ರೂಪುಗೊಂಡಿತು ಎಂದು ಪಶುವಿಜ್ಞಾನಿಗಳು ಹೇಳುತ್ತಾರೆ. ಗೀರ್‌ನ ಜೋಲುಕಿವಿ, ಉಬ್ಬಿದ ಹಣೆ ಇದರಲ್ಲಿ ಎದ್ದು ಕಾಣುತ್ತವೆ. ದೇವಣಿಯಲ್ಲಿ ಮೂರು ಬಗೆ. ಮೈಯೆಲ್ಲ ಬಿಳಿಯಾದದ್ದು ಬಾಳಂಕ್ಯಾ. ಮೈ ಬಿಳಿ, ಮುಖದ ಎರಡು ಬದಿ ಕಪ್ಪಾದರೆ ವಾನೇರಾ. ಬಿಳಿಯ ಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆ ಚೆಲ್ಲಿದ್ದರೆ ವಾಘ್ಯಾ, ಅದನ್ನೇ ಶೆವೇರಾ ಎಂದೂ ಕರೆಯುತ್ತಾರೆ. ಹಳಬ ರೈತರು ದೂರದಿಂದಲೇ ಇದನ್ನು ಬಿಡಿಸಿ ಹೇಳುತ್ತಾರೆ. ಪ್ರದರ್ಶನದ ಫಲಕಗಳಲ್ಲಿ ಮಾತ್ರ ಬಹುಪಾಲು ‘ದೇವಣಿ ಹಸು’ ಎಂದಷ್ಟೇ ಬರೆದು ಮುಗಿಸುತ್ತಾರೆ.

ಇನ್ನು ಅಲಂಕಾರದ ಮಾತು. ಕರ್ನಾಟಕದ ಹೆಸರುವಾಸಿ ತಳಿಗಳಾದ ಹಳ್ಳಿಕಾರ್, ಅಮೃತಮಹಲ್, ಖಿಲಾರಿ ಮುಖ್ಯವಾಗಿ ಗೇಯ್ಮೆಯವು. ದೇವಣಿ ಹೊಲಕ್ಕೂ ಆಗುತ್ತದೆ, ಹಾಲಿಗೂ ಆಗುತ್ತದೆ. ಒಂದು ಸೂಲಿನಲ್ಲಿ ಸರಾಸರಿ 850ರಿಂದ 900 ಕೆ.ಜಿ. ಆಸುಪಾಸು ಹಾಲು, ಕೊಬ್ಬಿನಂಶ ಶೇ 4ಕ್ಕಿಂತ ಹೆಚ್ಚು. ಜರ್ಸಿ, ಎಚ್‌ಎಫ್ ಲೆಕ್ಕದ ಮುಂದೆ ಇದು ಚಿಕ್ಕದಾಗಿ ಕಾಣುತ್ತದೆ ನಿಜ. ಆದರೆ ಆ ಲೆಕ್ಕದಲ್ಲಿ ಬೇಸಿಗೆಯ ಬಿಸಿಲು, ಒಣ ಕಣಿಕೆಯ ಮೇವು, ಡಾಕ್ಟರ ಖರ್ಚು, ಹುಟ್ಟಿದ ಗಂಡುಕರು ನಾಳೆ ನೊಗಕ್ಕೆ ಹೆಗಲು ಕೊಡುವುದು ಇವು ಯಾವುವೂ ಇರುವುದಿಲ್ಲ. ಔರಾದ್‌ನ ಅಮರೇಶ್ವರ ಜಾತ್ರೆಯ ಪಶು ಪ್ರದರ್ಶನಕ್ಕೆ ದನ ತರುವ ರೈತ ಕೊಂಬಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ ತಂದಿರುತ್ತಾನೆ. ನೋಡುವವರ ಕಣ್ಣು ಗೊಂಡೆಯ ಮೇಲೆ, ಕೊಳ್ಳುವವನ ಕೈ ಮಾತ್ರ ಹಲ್ಲು, ಗೊರಸು, ಕೆಚ್ಚಲಿನ ಮೇಲೆ. ಜಾತ್ರೆ ಎಂಬುದು ತಳಿ ಆಯ್ಕೆಯ ಬಯಲು ಶಾಲೆ. ಒಳ್ಳೆಯ ಹೋರಿ ಯಾರ ಮನೆಯಲ್ಲಿದೆ ಎಂಬ ಸುದ್ದಿ ಅಲ್ಲಿಂದಲೇ ಹತ್ತೂರಿಗೆ ಹಬ್ಬುವುದು.

ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವ್‌ನಲ್ಲಿ ದೇವಣಿಗೆಂದೇ ಜಾನುವಾರು ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಬೀದರ್‌ನಲ್ಲಿ ಕೇಂದ್ರಸ್ಥಾನ ಹೊಂದಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಅದು. ಬೀದರ್‌ನ ಹೆಸರನ್ನೇ ಹೊತ್ತ ಬಿದ್ರಿ ಮೇಕೆಗೂ ಈಚಿನ ವರ್ಷಗಳಲ್ಲಿ ರಾಷ್ಟ್ರಮಟ್ಟದಲ್ಲಿ ತಳಿಯ ಮಾನ್ಯತೆ ಸಿಕ್ಕಿದೆ. ಬಿದ್ರಿ ಎಂದರೆ ಹೂಜಿ, ಹುಕ್ಕಾ ಮಾತ್ರ ಎಂದು ತಿಳಿದವರಿಗೆ ಇದು ಹೊಸ ಸುದ್ದಿಯಾಗಬಹುದು.

ತಪ್ಪು ಕಲ್ಪನೆ: ಹಳೆಯ ಒಕ್ಕಲುತನದ ಸಾಮಾನುಗಳು ಒರಟು. ಬುದ್ಧಿ ಬಂದದ್ದು ಟ್ರ್ಯಾಕ್ಟರಿನ ಜತೆ.

ಇದಕ್ಕೆ ಉತ್ತರ ಕೂರಿಗೆ. ಮೂರು ತಾಳುಗಳನ್ನು ಒಂದು ದಿಂಡಿಗೆ ಸಮದೂರದಲ್ಲಿ ಕೂರಿಸಿರುತ್ತಾರೆ. ಪ್ರತಿ ತಾಳಿನ ಹಿಂದೆ ಬಿದಿರಿನ ಕೊಳವೆ. ಕೊಳವೆಗಳೆಲ್ಲ ಮೇಲಕ್ಕೆ ಬಂದು ಒಂದು ಮರದ ಬಟ್ಟಲಿನಲ್ಲಿ ಸೇರುತ್ತವೆ. ಬಟ್ಟಲಿಗೆ ಮುಷ್ಟಿಯಿಂದ ಬಿಟ್ಟ ಕಾಳು ಮೂರೂ ಕೊಳವೆಗೆ ಹಂಚಿಹೋಗಿ ತಾಳು ಸೀಳಿದ ಗೆರೆಯೊಳಗೆ, ಹಸಿ ಇರುವ ಆಳಕ್ಕೆ ಬೀಳುತ್ತದೆ. ಎರೆಹೊಲದಲ್ಲಿ ಈ ಆಳವೇ ಎಲ್ಲ. ಹಿಂಗಾರಿನಲ್ಲಿ ಮೇಲಿನ ಮಣ್ಣು ಬೇಗ ಒಣಗಿ ಬಿರಿಯುತ್ತದೆ, ತೇವ ಕೆಳಗಿರುತ್ತದೆ. ಜೋಳ, ಕಡಲೆ, ಕುಸುಬೆಯ ಬೀಜ ಆ ತೇವವನ್ನು ಮುಟ್ಟದಿದ್ದರೆ ಮೊಳಕೆಯ ಆಸೆ ಬಿಡಬೇಕು. ಕೈಯಿಂದ ಎರಚಿ ಬಿತ್ತುವವರಿಗೆ ಇದು ಸಿಗುವುದಿಲ್ಲ.

ಯುರೋಪಿನಲ್ಲಿ ಬಿತ್ತುವ ಯಂತ್ರದ ಹೆಸರು ಹೇಳಿದರೆ ಜೆತ್ರೊ ಟಲ್, 1701 ಎಂದು ಪಾಠ ಒಪ್ಪಿಸುತ್ತಾರೆ. 18ನೇ ಶತಮಾನದ ಕೊನೆಯಲ್ಲಿ ಕ್ಯಾಪ್ಟನ್ ಥಾಮಸ್ ಹಾಲ್ಕಟ್ ಎಂಬ ಬ್ರಿಟಿಷ್ ಅಧಿಕಾರಿ ದಕ್ಷಿಣ ಭಾರತದ ಹೊಲಗಳಲ್ಲಿ ಕೂರಿಗೆ ನೋಡಿ ಬೆರಗಾದ. ಇದು ಇತ್ತೀಚೆಗೆ ಬಂದದ್ದಲ್ಲ, ಅನಾದಿಯಿಂದ ಇದೆ ಎಂದು ವಿಚಾರಿಸಿ ತಿಳಿದು, ವಿವರ ಬರೆದು ಇಂಗ್ಲೆಂಡಿನ ಕೃಷಿ ಮಂಡಳಿಗೆ ಕಳಿಸಿದ. ಧರಂಪಾಲ್ ಅವರು 1971ರಲ್ಲಿ ಪ್ರಕಟಿಸಿದ, 18ನೇ ಶತಮಾನದ ಭಾರತದ ವಿಜ್ಞಾನ-ತಂತ್ರಜ್ಞಾನ ಕುರಿತ ಸಂಕಲನದಲ್ಲಿ ಆ ಬರಹ ಸೇರಿದೆ. 1889ರಲ್ಲಿ ಇಲ್ಲಿಗೆ ಬಂದು ದೇಶ ಸುತ್ತಿದ ರಸಾಯನ ವಿಜ್ಞಾನಿ ಜಾನ್ ಅಗಸ್ಟಸ್ ವೋಲ್ಕರ್ ಕೂಡ ಭಾರತದ ರೈತನ ಕಸುಬುಗಾರಿಕೆಯನ್ನು ಹೀಗಳೆಯಲು ಒಪ್ಪಲಿಲ್ಲ. ಕೊರತೆ ಇರುವುದು ನೀರು, ಗೊಬ್ಬರದಂಥ ಅನುಕೂಲಗಳಲ್ಲಿ ಎಂದು ಅವನ ವರದಿ ಹೇಳಿತು.

ಕೂರಿಗೆಯನ್ನು ಪ್ರದರ್ಶನಕ್ಕಿಡುವವರು ಸಾಮಾನ್ಯವಾಗಿ ಮಾಡುವ ತಪ್ಪು, ಅದನ್ನು ಒಂಟಿಯಾಗಿ ಇಡುವುದು. ಕೂರಿಗೆಗೆ ಜೋಡಿ ಎಡೆಕುಂಟೆ. ಕೂರಿಗೆಯ ತಾಳುಗಳ ನಡುವಿನ ಅಂತರ ಎಷ್ಟೋ ಬೆಳೆಯ ಸಾಲುಗಳ ನಡುವಿನ ಅಂತರವೂ ಅಷ್ಟೇ. ಎಡೆಕುಂಟೆಯ ಕುಡ ಆ ಅಂತರಕ್ಕಿಂತ ತುಸು ಚಿಕ್ಕದಿರಬೇಕು. ಆಗ ಎತ್ತು ಸಾಲಿನ ನಡುವೆ ನಡೆದರೆ ಕಳೆ ಕತ್ತರಿಸುತ್ತದೆ, ಪೈರಿಗೆ ತಾಗುವುದಿಲ್ಲ. ಎರೆಮಣ್ಣಿನ ಬಿರುಕೂ ಮುಚ್ಚಿ ತೇವ ಉಳಿಯುತ್ತದೆ. ನಡೆಯುವಾಗ ಎತ್ತು ಪೈರಿಗೆ ಬಾಯಿ ಹಾಕದಂತೆ ಬಾಯಿಕುಕ್ಕೆ. ಈ ಅಳತೆಗಳೆಲ್ಲ ಊರ ಬಡಿಗನ ತಲೆಯಲ್ಲಿರುತ್ತಿದ್ದವು. ಜೋಳಕ್ಕೆ ಒಂದು, ತೊಗರಿಗೆ ಒಂದು. ಕೂರಿಗೆ, ಎಡೆಕುಂಟೆ, ಕುಕ್ಕೆ, ನೊಗ ಒಟ್ಟಿಗೆ ಇಟ್ಟು ಈ ಲೆಕ್ಕ ತೋರಿಸದ ಪ್ರದರ್ಶನದಲ್ಲಿ ಕೂರಿಗೆ ಬರಿಯ ಸೌದೆ.

ತಪ್ಪು ಕಲ್ಪನೆ: ಹಗೇವು ಎಂದರೆ ಕಳ್ಳಕಾಕರ ಕಣ್ಣು ತಪ್ಪಿಸಿ ಕಾಳು ಬಚ್ಚಿಡುವ ಗುಂಡಿ.

ಬಚ್ಚಿಡಲೂ ಆಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಒಳಗುಟ್ಟು ಗಾಳಿಯಲ್ಲಿದೆ. ನೀರು ನಿಲ್ಲದ ಎತ್ತರದ ಗರಸು ನೆಲದಲ್ಲಿ ಅಗೆದು, ಒಳಮೈಗೆ ಹೊಟ್ಟು, ಕಣಿಕೆ ಒತ್ತಿ, ಜೋಳ ತುಂಬಿ, ಬಾಯಿಗೆ ಬಂಡೆ ಇಟ್ಟು ಮಣ್ಣು ಮೆತ್ತುತ್ತಾರೆ. ಒಳಗೆ ಉಳಿದ ಗಾಳಿಯ ಆಮ್ಲಜನಕವನ್ನು ಕಾಳು, ಹುಳು ಎರಡೂ ಉಸಿರಾಡಿ ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳು ಸಾಯುತ್ತದೆ. ಔಷಧ ಹಾಕದೆ ಕಾಳು ವರ್ಷಗಟ್ಟಲೆ ಉಳಿಯುವುದು ಹೀಗೆ. ಇದೇ ಕಾರಣಕ್ಕೆ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿ ಆಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು. ಈ ಎಚ್ಚರ ಮರೆತು ಪ್ರಾಣ ಕಳೆದುಕೊಂಡವರಿದ್ದಾರೆ. ವಸ್ತುಸಂಗ್ರಹಾಲಯದಲ್ಲಿ ಹಗೇವಿನ ಮಾದರಿ ಮಾಡುವುದಾದರೆ ಆ ದೀಪವನ್ನು ಬಿಡಬಾರದು. ಇದೇ ತತ್ವದ ಮೇಲೆ ಇಂದು ಗಾಳಿ ಆಡದ ದಪ್ಪ ಚೀಲಗಳು ಮಾರುಕಟ್ಟೆಗೆ ಬಂದಿವೆ.

ತಪ್ಪು ಕಲ್ಪನೆ: ಹಳ್ಳಿಯಲ್ಲಿರುವುದೆಲ್ಲ ಅಜ್ಜನ ಅಜ್ಜನ ಕಾಲದ್ದು.

ಅಟ್ಟದ ಮೇಲಿನ ಕಬ್ಬಿಣದ ನೇಗಿಲು ತೋರಿಸಿ ‘ಸಾವಿರ ವರ್ಷದ ಪರಂಪರೆ’ ಎನ್ನುವವರಿದ್ದಾರೆ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ತಯಾರಿಸಿದ್ದು 1903ರ ಹೊತ್ತಿಗೆ. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾದೀತು ಎಂದು ರೈತರು ಮೊದಮೊದಲು ಕೊಳ್ಳಲೇ ಇಲ್ಲ. 1910ರಲ್ಲಿ ಅವರು ಕಾರ್ಖಾನೆಯನ್ನು ಔಂಧ್ ಸಂಸ್ಥಾನಕ್ಕೆ ಒಯ್ದರು, ಅದೇ ಕಿರ್ಲೋಸ್ಕರವಾಡಿ. ಬೀದರ್ ಅಡುಗೆಯ ಖಾರಕ್ಕೆ ಮೂಲವಾದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಇಂದು ಮುಂಗಾರಿನಲ್ಲಿ ಭಾಲ್ಕಿ, ಔರಾದ್ ಹೊಲಗಳನ್ನು ಹಸಿರು ಮಾಡುವ ಸೋಯಾ ನಮ್ಮ ಕಣ್ಣೆದುರೇ ಬಂದ ಬೆಳೆ, ಅದಕ್ಕೆ ಜಾನಪದ ಹಾಡಿಲ್ಲ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ಅಣೆಕಟ್ಟು ಎದ್ದಿತು, ಸಹಕಾರಿ ಸಕ್ಕರೆ ಕಾರ್ಖಾನೆಗಳು ಬಂದವು, ಕಬ್ಬು ಹಬ್ಬಿತು. ಇವನ್ನು ಬಿಟ್ಟು ಎತ್ತು-ನೇಗಿಲಿನ ಚಿತ್ರವೊಂದನ್ನೇ ತೋರಿಸಿದರೆ ಅದು ಬೀದರ್‌ನ ಕೃಷಿಯಲ್ಲ, ಕ್ಯಾಲೆಂಡರಿನ ಕೃಷಿ. ಸೋಯಾ ಬಂದು ಹೆಸರು, ಉದ್ದಿನ ಜಾಗ ಏನಾಯಿತು, ಕಬ್ಬಿನ ಹಣ ಯಾರಿಗೆ ಯಾವಾಗ ಕೈಸೇರಿತು ಎಂಬುದೂ ಫಲಕದ ಮೇಲೆ ಬರಬೇಕಾದ ವಿಷಯವೇ.

ತಪ್ಪು ಕಲ್ಪನೆ: ಒಕ್ಕಲುತನ ಗಂಡಸಿನದು. ಹೆಂಗಸಿನ ಪಾಲು ಬೀಸುಕಲ್ಲು, ಒಲೆ.

ಗ್ರಾಮೀಣ ಜೀವನದ ಪ್ರತಿಮೆಗಳನ್ನು ಎಲ್ಲಿ ನೋಡಿದರೂ ಗಂಡು ನೇಗಿಲ ಹಿಂದೆ, ಹೆಣ್ಣು ರೊಟ್ಟಿ ಬುಟ್ಟಿ ಹೊತ್ತು ಬದುವಿನ ಮೇಲೆ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ಕೈ ಉತ್ತರ ಕರ್ನಾಟಕದಲ್ಲಿ ಬಹಳ ಕಡೆ ಹೆಣ್ಣಿನದು. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಎತ್ತಿನ ನಡಿಗೆಗೆ ಹೊಂದಿಸಿ, ಮುಷ್ಟಿಯ ಬೆರಳು ಸಡಿಲಿಸುವ ಆ ಹದ ತಪ್ಪಿದರೆ ಒಂದು ಸಾಲು ದಟ್ಟ, ಒಂದು ಸಾಲು ಬೋಳು. ಕಳೆ ಕೀಳುವುದು, ತೆನೆ ಆರಿಸುವುದು, ಯಾವ ತೆನೆ ಬೀಜಕ್ಕೆ ಎಂದು ಗೊತ್ತುಮಾಡುವುದು, ಬೂದಿ, ಬೇವಿನೆಲೆ ಬೆರೆಸಿ ಮಡಕೆಗೆ ತುಂಬುವುದು ಎಲ್ಲ ಅವಳದೇ. ಎಳ್ಳಮಾಸಿಗೆ ಹೊಲದಲ್ಲಿ ಕೂತು ಉಣ್ಣುವ ಭಜ್ಜಿಯಲ್ಲಿ ಎಷ್ಟು ಬಗೆಯ ಕಾಳು, ಎಷ್ಟು ಬಗೆಯ ಸೊಪ್ಪು ಸೇರುತ್ತವೆ ಎಂದು ಎಣಿಸಿದರೆ ಆ ಹೊಲದ ಬೆಳೆಪಟ್ಟಿಯೇ ಸಿಕ್ಕಂತೆ.

ಇದನ್ನು ಪ್ರದರ್ಶನವಾಗಿ ಮಾಡಿ ತೋರಿಸಿದವರು ಬೀದರ್‌ನ ಮಗ್ಗುಲಲ್ಲೇ ಇದ್ದಾರೆ. 1956ರವರೆಗೆ ಬೀದರ್ ಜಿಲ್ಲೆಯದೇ ತಾಲ್ಲೂಕಾಗಿದ್ದ ಜಹೀರಾಬಾದಿನ ಪಸ್ತಾಪುರದಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕೆಲಸ ಶುರುಮಾಡಿತು. ಹೆಚ್ಚಾಗಿ ದಲಿತ ಹೆಣ್ಣುಮಕ್ಕಳ ಸಂಘಗಳು. ಮರೆಯಾಗುತ್ತಿದ್ದ ನವಣೆ, ಸಾಮೆ, ಜೋಳ, ಕಾಳುಗಳ ಬೀಜ ಕೂಡಿಹಾಕಿ ಊರೂರಲ್ಲಿ ಬೀಜದ ಮನೆ ಮಾಡಿಕೊಂಡರು. ಒಯ್ದದ್ದಕ್ಕಿಂತ ಹೆಚ್ಚು ಬೀಜವನ್ನು ಸುಗ್ಗಿಯಲ್ಲಿ ಮರಳಿಸಬೇಕು ಎಂಬುದು ಅಲ್ಲಿಯ ನಿಯಮ. ಸಂಕ್ರಾಂತಿಯ ಹೊತ್ತಿಗೆ ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಈ ಬೀಜಗಳನ್ನೆಲ್ಲ ಹೇರಿ ಹಳ್ಳಿಯಿಂದ ಹಳ್ಳಿಗೆ ಜಾತ್ರೆ ಹೊರಡುತ್ತದೆ. ಹೋದ ಊರಿನಲ್ಲೆಲ್ಲ ಬೀಜ ನೋಡಿ, ಮುಟ್ಟಿ, ಮಾತಾಡಿ, ಉಂಡು ಮುಂದಿನ ಊರು. 2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ನನ್ನ ಮಟ್ಟಿಗೆ ದಖ್ಖನ್ನಿನ ಅತ್ಯುತ್ತಮ ಕೃಷಿ ವಸ್ತುಸಂಗ್ರಹಾಲಯ ಎಂದರೆ ಆ ಗಾಡಿಗಳ ಸಾಲು. ಅಲ್ಲಿರುವ ಬೀಜವನ್ನು ಮರುವರ್ಷ ಬಿತ್ತುತ್ತಾರೆ, ಯಾವ ಕಪಾಟಿಗೂ ಆ ಭಾಗ್ಯವಿಲ್ಲ.

ತಪ್ಪು ಕಲ್ಪನೆ: ಕುರಿಗಾರರು ಅಲೆಮಾರಿಗಳು, ಒಕ್ಕಲುತನದ ಕಥೆಗೆ ಹೊರಗಿನವರು.

ಸುಗ್ಗಿ ಮುಗಿದ ಹೊಲದಲ್ಲಿ ಕುರಿಹಿಂಡು ರಾತ್ರಿ ತಂಗಿದರೆ ಹಿಕ್ಕೆ, ಗಂಜಲ ಎರಡೂ ಹೊಲಕ್ಕೆ. ಅದಕ್ಕೆ ರೈತ ಕುರಿಗಾರನಿಗೆ ಕಾಳು ಕೊಡುತ್ತಾನೆ, ಇಲ್ಲವೆ ಹಣ ಕೊಡುತ್ತಾನೆ. ಇಬ್ಬರಿಗೂ ಲಾಭದ ಈ ಒಪ್ಪಂದಕ್ಕೆ ಕಾಗದಪತ್ರ ಇರಲಿಲ್ಲ. ದಖ್ಖನಿ ಕುರಿಯ ಒರಟು ಉಣ್ಣೆಯಿಂದ ಕಂಬಳಿ, ಅದೇ ಕಂಬಳಿ ಮಳೆಯಲ್ಲಿ ರೈತನ ತಲೆಯ ಮೇಲಿನ ಕೊಪ್ಪೆ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣ ಕುರಿಗಾರರ ದೇವರು, ಒಕ್ಕಲಿಗರ ದೇವರೂ ಹೌದು. ಭಂಡಾರ ಹಾರುವ ಆ ಜಾತ್ರೆಗೆ ಮೂರು ರಾಜ್ಯದವರು ಬರುತ್ತಾರೆ. ಕಂಬಳಿಯನ್ನು ‘ಕೈಮಗ್ಗ’ದ ಕೋಣೆಗೆ, ಮೈಲಾರನನ್ನು ‘ಧಾರ್ಮಿಕ’ ಕೋಣೆಗೆ, ಕುರಿಯನ್ನು ಪಶುಸಂಗೋಪನೆಯ ಕೋಣೆಗೆ ಹಂಚಿಹಾಕಿದರೆ ಕುರಿಗಾರ ಎಲ್ಲಿಯೂ ಉಳಿಯುವುದಿಲ್ಲ.

ತಪ್ಪು ಕಲ್ಪನೆ: ಎಣ್ಣೆ ಹಚ್ಚಿ, ಬಣ್ಣ ಬಳಿದರೆ ಹಳೆಯ ಸಾಮಾನು ಉಳಿಯುತ್ತದೆ.

ಬಣ್ಣ ಬಳಿದ ನೊಗ ಫೋಟೊಕ್ಕೆ ಚೆನ್ನ. ಆದರೆ ನೊಗದ ಕಥೆ ಇರುವುದು ಎತ್ತಿನ ಹೆಗಲು ಉಜ್ಜಿ ನುಣುಪಾದ ಜಾಗದಲ್ಲಿ, ಮಿಣಿ ಕೊರೆದ ಗುರುತಿನಲ್ಲಿ, ಬಡಿಗ ತೇಪೆ ಹಾಕಿದ ಕಡೆಯಲ್ಲಿ. ಎನಾಮೆಲ್ ಬಣ್ಣ ಇವೆಲ್ಲವನ್ನೂ ನುಂಗುತ್ತದೆ. ಅಗಸೆ ಎಣ್ಣೆ ಒಳ್ಳೆಯದೆಂಬ ನಂಬಿಕೆ ಹಿಂದೆ ದೊಡ್ಡ ಸಂಗ್ರಹಾಲಯಗಳಲ್ಲೂ ಇತ್ತು. ಕಾಲಾಂತರದಲ್ಲಿ ಅದು ಕಪ್ಪಾಗಿ, ಅಂಟಾಗಿ, ಧೂಳು ಹಿಡಿಯುತ್ತದೆಂದು ಈಗ ಸಂರಕ್ಷಣಾ ತಜ್ಞರು ಬೇಡವೆನ್ನುತ್ತಾರೆ. ಒಣ ಬ್ರಷ್ಷಿನಿಂದ ಮಣ್ಣು ಝಾಡಿಸುವುದು, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಇಡುವುದು, ಗೆದ್ದಲು ಬಂದಿದೆಯೇ ಎಂದು ಮಳೆಗಾಲದಲ್ಲಿ ಆಗಾಗ ತಿರುವಿ ನೋಡುವುದು, ಬಿಸಿಲು-ಸೋರಿಕೆ ತಾಗದ ಜಾಗ ಕೊಡುವುದು ಇಷ್ಟು ಸಾಕು. ಬಾವಿಯಿಂದ ನೀರೆತ್ತುವ ತೊಗಲಿನ ಮೋಟ್ ಇದ್ದರೆ ಅದಕ್ಕೆ ಇನ್ನೂ ಹೆಚ್ಚು ಕಾಳಜಿ, ಇಲಿಗೆ ಅದರ ರುಚಿ ಗೊತ್ತು.

ತಪ್ಪು ಕಲ್ಪನೆ: ಇದಕ್ಕೆಲ್ಲ ಕೋಟಿಗಟ್ಟಲೆ ಹಣ, ದೊಡ್ಡ ಕಟ್ಟಡ ಬೇಕು.

ದೊಡ್ಡ ಮಾದರಿಗಳು ಕಣ್ಣಮುಂದಿವೆ. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕವಿದೆ, ಕೊಲ್ಹಾಪುರದ ಹತ್ತಿರದ ಕಣೇರಿ ಮಠದಲ್ಲಿ ಹಳ್ಳಿಯ ಕಸುಬುಗಳನ್ನೆಲ್ಲ ಪ್ರತಿಮೆಗಳಲ್ಲಿ ನಿಲ್ಲಿಸಿದ ಸಂಗ್ರಹಾಲಯವಿದೆ. ಎರಡೂ ನೋಡಬೇಕಾದವೇ. ಆದರೆ ಜಾನಪದ ಲೋಕ ಬೀದರ್‌ನಿಂದ ಸುಮಾರು 700 ಕಿ.ಮೀ. ದೂರ. ಅಲ್ಲಿಯ ರಾಗಿ ಸೀಮೆಯ ಸಾಮಾನಿನಿಂದ ತೊಗರಿ ಸೀಮೆಯ ಮಗುವಿಗೆ ತನ್ನ ಹೊಲ ತಿಳಿಯುವುದಿಲ್ಲ. ಸಿಮೆಂಟಿನ ಪ್ರತಿಮೆಯನ್ನು ಬೀದರ್‌ನಲ್ಲೂ ನಿಲ್ಲಿಸಬಹುದು, ಆದರೆ ಕಟ್ಟಿತೂಗಾಂವ್‌ನಲ್ಲಿ ನಿಜವಾದ ದೇವಣಿಯೇ ನಿಂತಿರುವಾಗ ಅದು ಯಾಕೆ ಬೇಕು?

ಇರುವುದನ್ನು ಜೋಡಿಸಿದರೆ ಸಾಕಾಗುವಷ್ಟು ಇದೆ. ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಂದು ಕೋಣೆ ಕೂರಿಗೆ-ಎಡೆಕುಂಟೆಗೆ, ಅದರ ಎದುರಿನ ತುಂಡು ಹೊಲದಲ್ಲಿ ಅದನ್ನು ಹೂಡಿ ತೋರಿಸಲು ಜಾಗ. ಕಟ್ಟಿತೂಗಾಂವ್‌ನಲ್ಲಿ ಶಾಲಾ ಮಕ್ಕಳಿಗೆ ಗೊತ್ತಾದ ದಿನಗಳು. ನೌಬಾದಿನ ಕರೇಜಿನ ಬಾಯಿಗಳ ಬಳಿ ನೆಲದ ಪದರ ತೋರಿಸುವ ಒಂದು ಕಲ್ಲಿನ ಫಲಕ. ಅಮರೇಶ್ವರ ಜಾತ್ರೆಯಲ್ಲಿ ಮೂರು ದೇವಣಿ ಬಗೆಗಳ ಹೆಸರು ಬರೆದ ಮೂರು ಹಲಗೆ. ಫಲಕಗಳು ಕನ್ನಡದಲ್ಲಿರಲಿ. ಜತೆಗೆ ಔರಾದ್, ಕಮಲನಗರದ ಮನೆಗಳಲ್ಲಿ ಆಡುವ ಮರಾಠಿ, ಬೀದರ್ ಪೇಟೆಯ ಉರ್ದು, ಗಡಿಯ ತೆಲುಗಿನಲ್ಲಿ ಆ ಸಾಮಾನಿಗಿರುವ ಹೆಸರನ್ನೂ ಬರೆಯಬೇಕು. ನಿಜಾಮರ ಕಾಲದಲ್ಲಿ ಉರ್ದು ಬೋರ್ಡಿನ ಹಿಂದೆ ಕನ್ನಡ ಶಾಲೆ ನಡೆಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಊರುಕೇರಿಯಲ್ಲಿ ಕನ್ನಡದ ಜಾಗವನ್ನು ಅದು ಕಿತ್ತುಕೊಳ್ಳುವುದಿಲ್ಲ. ಎಂದೋ ಒಂದೇ ಜಿಲ್ಲೆಯವರಾಗಿದ್ದ ಉದಗೀರ್, ಜಹೀರಾಬಾದಿನ ರೈತರು ಬಂದರೆ ಅವರಿಗೂ ಓದಲು ಸಿಗುತ್ತದೆ.

ಹಣ ಬೇಡದ, ತಡಮಾಡಬಾರದ ಕೆಲಸವೊಂದಿದೆ. ಕೂರಿಗೆ ಮಾಡಬಲ್ಲ ಬಡಿಗರು ಪ್ರತಿ ಊರಿನಲ್ಲಿ ಈಗ ಇಲ್ಲ, ಇದ್ದವರಿಗೆ ವಯಸ್ಸಾಗಿದೆ. ಅವರ ಮುಂದೆ ಕೂತು ಯಾವ ಬೆಳೆಗೆ ತಾಳಿನ ಅಂತರ ಎಷ್ಟು ಗೇಣು-ಬೆರಳು, ತಾಳಿಗೆ ಜಾಲಿಯ ಯಾವ ಭಾಗ, ಕೊಳವೆಯ ಓರೆ ಎಷ್ಟು, ಎತ್ತಿನ ಎತ್ತರಕ್ಕೆ ತಕ್ಕಂತೆ ಈಸು ಎಷ್ಟು ಉದ್ದ ಎಂದು ಕೇಳಿ ಬರೆದುಕೊಳ್ಳಬೇಕು, ಕೈ ಹೇಗೆ ಆಡುತ್ತದೆ ಎಂದು ಮೊಬೈಲಿನಲ್ಲಿ ಹಿಡಿಯಬೇಕು. ಭಾಲ್ಕಿ, ಔರಾದ್ ಕಾಲೇಜುಗಳಲ್ಲಿ ಓದುವ ರೈತರ ಮಕ್ಕಳು ದೀಪಾವಳಿ ರಜೆಯಲ್ಲಿ ತಮ್ಮ ತಮ್ಮ ಊರಿನಲ್ಲೇ ಇದನ್ನು ಮಾಡಬಹುದು. ಆಗ ಹಿಂಗಾರಿ ಬಿತ್ತನೆಯ ಹೊತ್ತೂ ಆಗಿರುತ್ತದೆ, ಕೂರಿಗೆ ಅಟ್ಟದಿಂದ ಇಳಿದಿರುತ್ತದೆ.